ಎಫ್-150 ಪಿಕಪ್ಪಿನ ಮೈಲೇಜು: ಅಳೆದು ನೋಡಿದ ನನ್ನ ಅನುಭವ

ಗಾಡಿ 2021ರ ಫೋರ್ಡ್ ಎಫ್-150. ನಾಲ್ಕು ಬಾಗಿಲಿನ ಸೂಪರ್‌ಕ್ರೂ ಕ್ಯಾಬ್, ಫೋರ್ ವೀಲ್ ಡ್ರೈವ್, 3.5 ಲೀಟರಿನ ಇಕೋಬೂಸ್ಟ್ (ಟರ್ಬೊ) ವಿ6 ಇಂಜಿನ್, ಹತ್ತು ಗೇರಿನ ಆಟೊಮ್ಯಾಟಿಕ್, 3.55 ಅನುಪಾತದ ಆಕ್ಸಲ್, 36 ಗ್ಯಾಲನ್ ಟ್ಯಾಂಕ್. ಓಡುವುದು ಟೆಕ್ಸಾಸಿನಲ್ಲಿ, ಹೆಚ್ಚಾಗಿ ಹ್ಯೂಸ್ಟನ್ನಿಂದ ಸ್ಯಾನ್ ಆಂಟೋನಿಯೊಗೆ ಹೋಗುವ ಐ-10 ಹೆದ್ದಾರಿಯಲ್ಲಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೆಕ್ಕ ಹಾಕಿ ಹೊಸ ಗಾಡಿಗೆ ಅಂಟಿಸುವ ಚೀಟಿಯ ಪ್ರಕಾರ ಊರೊಳಗೆ 18, ಹೆದ್ದಾರಿಯಲ್ಲಿ 23, ಎರಡೂ ಸೇರಿ 20 ಎಂಪಿಜಿ, ಅಂದರೆ ಗ್ಯಾಲನ್ನಿಗೆ ಇಷ್ಟು ಮೈಲಿ. ನಮ್ಮ ಲೆಕ್ಕಕ್ಕೆ ತರಬೇಕಾದರೆ 0.425ರಿಂದ ಗುಣಿಸಬೇಕು, 20 ಎಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರ್. ಊರಿನವರು ಫೋನಿನಲ್ಲಿ "ಎಷ್ಟು ಕೊಡುತ್ತೆ?" ಎಂದು ಕೇಳಿ ಈ ಉತ್ತರ ಪಡೆದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ.

ಆ 23 ಎಲ್ಲಿಂದ ಬಂತು ಎಂದು ಮೊದಲು ತಿಳಿದುಕೊಳ್ಳಬೇಕು. ಇಪಿಎ ಹೆದ್ದಾರಿ ಪರೀಕ್ಷೆಯ ಮೂಲ ಓಟದಲ್ಲಿ ಸರಾಸರಿ ವೇಗ ಗಂಟೆಗೆ 48 ಮೈಲಿ, ಗರಿಷ್ಠ 60. 2008ರ ಮಾದರಿಗಳಿಂದ ಈಚೆಗೆ 80 ಮೈಲಿ ಮುಟ್ಟುವ ಜೋರು ಓಟ, ಏಸಿ ಹಾಕಿದ ಓಟ, ಚಳಿಯ ಓಟಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಹಾಗಿದ್ದರೂ ಮಿತಿಯೇ 75 ಇರುವ ರಸ್ತೆಯಲ್ಲಿ ಎರಡು ಗಂಟೆ ಒಂದೇ ಸಮ ಓಡುವುದಕ್ಕೂ ಅದಕ್ಕೂ ಬಹಳ ಅಂತರವಿದೆ. ಇನ್ನೊಂದು ಮಾತು, ಚೀಟಿಯ ಲೆಕ್ಕ ಎಥನಾಲ್ ಇಲ್ಲದ ಪೆಟ್ರೋಲಿನದು. ಪಂಪಿನಲ್ಲಿ ಸಿಗುವುದು ಹೆಚ್ಚಾಗಿ ಶೇ. 10 ಎಥನಾಲ್ ಬೆರೆತದ್ದು. ಅದರಲ್ಲಿ ಶಕ್ತಿಯೇ ಸುಮಾರು ಶೇ. 3 ಕಡಿಮೆ. ಚಳಿಗಾಲದ ಮಿಶ್ರಣದಲ್ಲಿ ಇನ್ನೂ ಶೇ. 1.7ರಷ್ಟು ಕೈಬಿಡುತ್ತದೆ. ಹೀಗೆ ಗಾಡಿಯಲ್ಲಿ ಏನೂ ಕೆಡದೆಯೇ ಮುಕ್ಕಾಲು, ಒಂದು ಎಂಪಿಜಿ ಹೋಗಿರುತ್ತದೆ.

ಅಳತೆಯ ವಿಷಯವನ್ನು ನಾನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಮೈಲೇಜಿನ ಜಗಳಗಳಲ್ಲಿ ಮುಕ್ಕಾಲು ಪಾಲು ಅಳತೆಯ ಜಗಳಗಳೇ. ಡ್ಯಾಶಿನ ಪರದೆ ತೋರಿಸುವ ಸಂಖ್ಯೆ ಅಂದಾಜು: ಇಂಜೆಕ್ಟರು ಎಷ್ಟು ಹೊತ್ತು ತೆರೆದಿತ್ತು ಎಂಬುದರ ಮೇಲೆ ಕಂಪ್ಯೂಟರ್ ಹಾಕಿದ ಲೆಕ್ಕ. ಯಾವ ಕಂಪನಿಯ ಗಾಡಿಯಾದರೂ ಅದು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಹೇಳುತ್ತದೆ. ನಿಜ ಬೇಕಾದರೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕ ಹಾಕಬೇಕು. ಅದೇ ಸ್ಟೇಷನ್, ಅದೇ ಪಂಪು, ಗಾಡಿ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿರಲಿ. ನಾಜಲ್ಲಿನ ಹಿಡಿಯನ್ನು ಮಧ್ಯದ ಹಂತಕ್ಕೆ ಸಿಕ್ಕಿಸಿ, ಮೊದಲ ಆಟೊ ಕಟ್‌ಗೇ ನಿಲ್ಲಿಸಿ. ರೌಂಡ್ ಫಿಗರ್ ಮಾಡಲು ಮತ್ತೆರಡು ಸಲ ಒತ್ತುವ ನಮ್ಮ ಅಭ್ಯಾಸ ಬಿಡಬೇಕು. ಲೆಕ್ಕ ಕೆಡುವುದಷ್ಟೇ ಅಲ್ಲ, ಉಕ್ಕಿದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಹಾಳು ಮಾಡುತ್ತದೆ.

ಇಷ್ಟು ಮಾಡಿದರೂ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಅರ್ಧ ಗ್ಯಾಲನ್ ಹೆಚ್ಚುಕಡಿಮೆ ಆಗುತ್ತದೆ, ಟ್ಯಾಂಕ್ ಅಷ್ಟು ದೊಡ್ಡದು. 27 ಗ್ಯಾಲನ್ ತುಂಬಿಸಿದಾಗ ಆ ಅರ್ಧ ಗ್ಯಾಲನ್ ಎಂದರೆ ಸುಮಾರು ಶೇ. 2ರ ತಪ್ಪು, ಹತ್ತೇ ಗ್ಯಾಲನ್ ತುಂಬಿಸಿದರೆ ಶೇ. 5. ಆದ್ದರಿಂದ ಕಾಲು ಟ್ಯಾಂಕಿಗೆ ಇಳಿಯುವ ತನಕ ತುಂಬಿಸುವುದಿಲ್ಲ, ಐದು ಟ್ಯಾಂಕ್ ಒಟ್ಟು ಹಾಕದೆ ಸಂಖ್ಯೆ ಹೇಳುವುದಿಲ್ಲ. ಐದು ಟ್ಯಾಂಕಿನ ಒಟ್ಟು ಮೈಲಿಯನ್ನು ಒಟ್ಟು ಗ್ಯಾಲನ್ನಿನಿಂದ ಭಾಗಿಸಬೇಕು. ಐದು ಎಂಪಿಜಿ ಬರೆದಿಟ್ಟುಕೊಂಡು ಅವುಗಳ ಸರಾಸರಿ ತೆಗೆಯುವವರಿದ್ದಾರೆ. ಅದು ತಪ್ಪು ಲೆಕ್ಕ.

ಪರದೆ ಸುಳ್ಳು ಹೇಳಿದರೂ ಒಂದೇ ಪ್ರಮಾಣದಲ್ಲಿ ಹೇಳುತ್ತದೆ ಎಂಬುದೇ ಅದರ ಉಪಯೋಗ. ನನ್ನ ಐದು ಟ್ಯಾಂಕಿನಲ್ಲಿ ಪರದೆ 20.9 ಅಂದಿತು, ಪಂಪಿನ ಲೆಕ್ಕ 19.9. ಅಂದರೆ ಪರದೆಯ ಸಂಖ್ಯೆಯನ್ನು 0.95ರಿಂದ ಗುಣಿಸಿದರೆ ಸಾಕು. ಅಲ್ಲಿಂದ ಮುಂದೆ ಚಿಕ್ಕ ಪರೀಕ್ಷೆಗಳಿಗೆಲ್ಲ ಪರದೆಯನ್ನೇ ನಂಬಿದ್ದೇನೆ. 60 ಮೈಲಿಯ ಓಟಕ್ಕೆ ಮೂರು ಗ್ಯಾಲನ್ ಹೋಗುವಾಗ ಪಂಪಿನಲ್ಲಿ ಅಳೆಯಲು ಹೋದರೆ ತುಂಬಿಸುವ ತಪ್ಪೇ ಫಲಿತಾಂಶವನ್ನು ನುಂಗಿಬಿಡುತ್ತದೆ.

ವೇಗದ ಪರೀಕ್ಷೆ ಹೀಗೆ. ಇಪ್ಪತ್ತು ಮೈಲಿ ಓಡಿಸಿ ಇಂಜಿನ್, ಗೇರ್‌ಬಾಕ್ಸ್, ಟಯರು ಎಲ್ಲ ಬಿಸಿಯಾದ ಮೇಲೆ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಹಾಕಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 30 ಮೈಲಿ ಹೋಗಿ, ಎಕ್ಸಿಟ್‌ನಲ್ಲಿ ತಿರುಗಿ ಅದೇ 30 ಮೈಲಿ ವಾಪಸ್. ಎರಡೂ ದಿಕ್ಕು ಓಡಿಸದಿದ್ದರೆ ನೀವು ಅಳೆಯುತ್ತಿರುವುದು ಗಾಳಿಯನ್ನು. ಮುಂದೆ ದೊಡ್ಡ ಟ್ರಕ್ ಇದ್ದರೆ ಆ ಸುತ್ತು ರದ್ದು. ತಿದ್ದಿದ ನಂತರ ನನಗೆ ಸಿಕ್ಕಿದ್ದು: ಗಂಟೆಗೆ 65 ಮೈಲಿಯಲ್ಲಿ 23.2 ಎಂಪಿಜಿ, 70ರಲ್ಲಿ 21.5, 75ರಲ್ಲಿ 19.8, 80ರಲ್ಲಿ 18. ಚೀಟಿಯ 23 ಸುಳ್ಳಲ್ಲ, 65ರ ಆಸುಪಾಸಿನಲ್ಲಿ ಅದು ಇದೆ.

ಕಾರಣ ಸರಳ. ಪಿಕಪ್ಪಿನ ಮುಖ ಗೋಡೆಯ ಹಾಗೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 65ಕ್ಕೆ ಹೋಲಿಸಿದರೆ 75ರಲ್ಲಿ ಶೇ. 33, 80ರಲ್ಲಿ ಶೇ. 51 ಹೆಚ್ಚು. ಗಾಡಿ 65ರಲ್ಲೇ ಇದ್ದು 15 ಮೈಲಿಯ ಎದುರುಗಾಳಿ ಬೀಸಿದರೂ ಅಷ್ಟೇ, ಗ್ರಿಲ್ಲಿಗೆ ಅದು 80. 200 ಮೈಲಿಯ ದಾರಿಗೆ 65ರಲ್ಲಿ 8.6 ಗ್ಯಾಲನ್, ಮೂರು ಗಂಟೆ ಐದು ನಿಮಿಷ, 75ರಲ್ಲಿ 10.1 ಗ್ಯಾಲನ್, ಎರಡು ಗಂಟೆ ನಲವತ್ತು ನಿಮಿಷ. ಒಂದೂವರೆ ಗ್ಯಾಲನ್ ಕೊಟ್ಟು 25 ನಿಮಿಷ ಕೊಂಡಂತೆ. ನಾನು 70ಕ್ಕೆ ಕ್ರೂಸ್ ಹಾಕಿ ಬಲಗಡೆಯ ಲೇನಿನಲ್ಲಿ ಇರುತ್ತೇನೆ. ಎಲ್ಲರೂ 80ರಲ್ಲಿ ಹೋಗುವ ಕಡೆ 62ರಲ್ಲಿ ತೆವಳುವುದು ಉಳಿತಾಯವಲ್ಲ, ಅಪಾಯ.

ಗಾಳಿಗೆ ಸಂಬಂಧಿಸಿದ ಇನ್ನೆರಡು. ಮುಂದಿನ ಸಸ್ಪೆನ್ಷನ್ನಿಗೆ ಎರಡು ಇಂಚಿನ ಲೆವೆಲಿಂಗ್ ಕಿಟ್ ಹಾಕಿ ಮೂಗು ಎತ್ತಿದರೆ ನೋಡಲು ಚೆಂದ, ಆದರೆ ಗಾಡಿಯ ಅಡಿಗೆ ನುಗ್ಗುವ ಗಾಳಿ ಹೆಚ್ಚುತ್ತದೆ. ಬಂಪರಿನ ಕೆಳಗಿನ ಏರ್ ಡ್ಯಾಮ್ ಇರುವುದೇ ಅದನ್ನು ತಡೆಯಲು. ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಎಸೆದವರು ಮೈಲೇಜು ಬಿತ್ತು ಎಂದು ಕೊರಗಬಾರದು. ಗ್ರಿಲ್ಲಿನ ಹಿಂದಿನ ತೆರೆದು ಮುಚ್ಚುವ ಷಟರುಗಳಲ್ಲಿ ಕಸ, ಕಡ್ಡಿ ಸಿಕ್ಕಿಕೊಂಡಿದೆಯೇ ಎಂದು ಆಯಿಲ್ ಬದಲಿಸುವಾಗ ಒಮ್ಮೆ ಟಾರ್ಚ್ ಹಿಡಿದು ನೋಡಿ.

ವೇಗದ ನಂತರ ದೊಡ್ಡ ಪಾಲು ಟಯರಿನದು. ಕಂಪನಿ ಕೊಟ್ಟದ್ದು 275/65 ಆರ್ 18, ವ್ಯಾಸ ಸುಮಾರು 32 ಇಂಚು. ಅದನ್ನು ತೆಗೆದು 275/70 ಆರ್ 18ರ ಎಲ್‌ಟಿ (ಲೈಟ್ ಟ್ರಕ್) ಆಲ್-ಟೆರೇನ್ ಟಯರು ಹಾಕಿದೆ, 33 ಇಂಚಿನ ಚಿಲ್ಲರೆ. ಒಂದೊಂದು ಟಯರು ಹಳೆಯದಕ್ಕಿಂತ ಹತ್ತು ಪೌಂಡಿಗೂ ಹೆಚ್ಚು ಭಾರ. ಮೊದಲ ಟ್ಯಾಂಕಿನಲ್ಲೇ 75ರ ಓಟ 19.8ರಿಂದ 17.8ಕ್ಕೆ ಬಿದ್ದಂತೆ ಕಂಡಿತು. ಅದರಲ್ಲಿ ಒಂದು ಭಾಗ ಬರೀ ಮೀಟರಿನ ಮೋಸ: ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರಿಗೆ ಅದು ಗೊತ್ತಿಲ್ಲ. ಹೆದ್ದಾರಿಯ ಮೈಲಿ ಫಲಕ ನೋಡಿಕೊಂಡು 50 ಮೈಲಿ ಓಡಿಸಿದಾಗ ಓಡೋಮೀಟರ್ 48.5 ತೋರಿಸಿತು. ಅಂದರೆ 1.031ರಿಂದ ಗುಣಿಸಬೇಕು, 17.8 ಹೋಗಿ 18.4 ಆಯಿತು. ನಿಜವಾದ ನಷ್ಟ 1.4. ಫೋರ್‌ಸ್ಕ್ಯಾನ್ ತಂತ್ರಾಂಶ ಮತ್ತು ಅದನ್ನು ಗಾಡಿಗೆ ಜೋಡಿಸುವ ಒಬಿಡಿ ಅಡಾಪ್ಟರ್ ಇದ್ದರೆ ಟಯರಿನ ಸುತ್ತಳತೆಯನ್ನು ಗಾಡಿಯ ಕಂಪ್ಯೂಟರಿನಲ್ಲೇ ತಿದ್ದಬಹುದು. ಮೊದಲು ಹಳೆಯ ದತ್ತಾಂಶದ ಪ್ರತಿ ಉಳಿಸಿಕೊಳ್ಳಿ, ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿರಲಿ. ತಿದ್ದದೆ ಬಿಟ್ಟರೆ ಮೀಟರ್ 75 ಅನ್ನುವಾಗ ನೀವು 77ರಲ್ಲಿರುತ್ತೀರಿ, ಪೊಲೀಸರ ರೇಡಾರ್ ಓದುವುದು ಅದನ್ನೇ.

ಗಾಳಿಯ ಒತ್ತಡ ಬೆಳಿಗ್ಗೆ, ಟಯರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಂತೆ 35 ಪಿಎಸ್‌ಐ. ಎಲ್‌ಟಿ ಟಯರಿಗೆ ಅದು ಸಾಲದು, ಟಯರು ಕಂಪನಿಯ ಭಾರ-ಒತ್ತಡದ ಪಟ್ಟಿ ನೋಡಬೇಕು; ನಾನು 42 ಇಟ್ಟೆ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ಒಂದು ಪಿಎಸ್‌ಐಗೆ ಮೈಲೇಜಿನ ನಷ್ಟ ಶೇ. 0.2ರಷ್ಟೇ. 50 ಹೊಡೆಸಿ ಎರಡು ಎಂಪಿಜಿ ಗಳಿಸಿದೆ ಎನ್ನುವವರನ್ನು ನಂಬಬೇಡಿ. ಗಳಿಸಿದ್ದು ನಡುವೆ ಸವೆದ ಟಯರು, ಮಳೆಯಲ್ಲಿ ಉದ್ದವಾದ ಬ್ರೇಕಿಂಗ್ ದೂರ.

ಏನೂ ಪ್ರಯೋಜನ ಕಾಣದವು: ಟೇಲ್‌ಗೇಟ್ (ಹಿಂದಿನ ಬಾಗಿಲು) ಇಳಿಸಿ ಓಡಿಸುವುದು, ಏಕೆಂದರೆ ಅದು ಮುಚ್ಚಿದ್ದಾಗ ಬೆಡ್ಡಿನೊಳಗೆ (ಸಾಮಾನು ಹೇರುವ ತೊಟ್ಟಿಯೊಳಗೆ) ಸುತ್ತುವ ಗಾಳಿಯೇ ಮೇಲಿನ ಗಾಳಿಗೆ ಹಾಸಿಗೆಯಾಗಿ ಅದನ್ನು ದಾಟಿಸುತ್ತದೆ, ಇಳಿಸಿದರೆ ಆ ಸುಳಿ ಒಡೆಯುತ್ತದೆ. ಬೆಡ್ಡಿನ ಮೇಲಿನ ಟೊನೊ ಹೊದಿಕೆಯ ಲಾಭ ನನ್ನ ಅಳತೆಯ ತಪ್ಪಿನೊಳಗೇ ಮುಳುಗಿಹೋಯಿತು. ಸಾಮಾನು ಒದ್ದೆಯಾಗದಿರಲಿ ಎಂದು ಹಾಕಿ. ಏರ್ ಫಿಲ್ಟರ್ ಕೊಳೆಯಾದರೆ ಇಂಜಿನ್ ಎಳೆತ ಕಡಿಮೆ ಆದೀತು, ಮೈಲೇಜು ಬೀಳುವುದಿಲ್ಲ. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹಾಕುವ ಕಂಪ್ಯೂಟರ್ ಇದೆ. ಸುಮ್ಮನೆ ಓಡಾಡಲು 87ರ ಬದಲು 93 ಆಕ್ಟೇನ್ ಹಾಕುವುದೂ ದಂಡವೇ. ಬಿಸಿಲಿನಲ್ಲಿ ಟ್ರೇಲರ್ ಎಳೆಯುವಾಗ ಮಾತ್ರ ಅದಕ್ಕೆ ಅರ್ಥವಿದೆ: ಟರ್ಬೊ ಇಂಜಿನ್ ನಾಕ್ (ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವುದು) ತಪ್ಪಿಸಲು ಕಿಡಿಯ ಸಮಯವನ್ನು ಹಿಂದೆ ಸರಿಸಬೇಕಾಗುವುದಿಲ್ಲ.

ಊರೊಳಗಿನ ಓಡಾಟದಲ್ಲಿ ಮೈಲೇಜು ತಿನ್ನುವುದು ಗಾಳಿಯಲ್ಲ, ತೂಕ ಮತ್ತು ತಣ್ಣನೆಯ ಇಂಜಿನ್. ಮೂರು ಮೈಲಿಯ ಐದು ಓಟಗಳನ್ನು ಒಂದೇ ಸುತ್ತಿಗೆ ಜೋಡಿಸುವುದು ಯಾವ ಬಿಡಿಭಾಗಕ್ಕಿಂತ ಹೆಚ್ಚು ಉಳಿಸುತ್ತದೆ. ಶಾಲೆಯ ಮುಂದೆ ಏಸಿ ಹಾಕಿಕೊಂಡು ನಿಂತರೆ ಗಂಟೆಗೆ ಅರ್ಧ ಗ್ಯಾಲನ್ ಹತ್ತಿರ ಹೋಗುತ್ತದೆ. ಸಿಗ್ನಲ್ಲಿನಿಂದ ಹೊರಡುವಾಗ ಟರ್ಬೊ ಎದ್ದೇಳದಷ್ಟು ಮೆಲ್ಲಗೆ ಒತ್ತಿ. ಒಣ ರಸ್ತೆಯಲ್ಲಿ ಗುಂಡಿ 4ಎ (ಆಟೊ ಫೋರ್ ವೀಲ್) ಮೇಲೆ ಮರೆತಿದ್ದರೆ 2ಎಚ್‌ಗೆ (ಹಿಂದಿನ ಎರಡೇ ಚಕ್ರ) ತಿರುಗಿಸಿ, ಮುಂದಿನ ಆಕ್ಸಲನ್ನು ಪುಕ್ಕಟೆ ತಿರುಗಿಸುತ್ತಿರುತ್ತೀರಿ. ಕಾರಣವಿಲ್ಲದೆ ಮೈಲೇಜು ಬಿದ್ದರೆ ಬ್ರೇಕ್ ಉಜ್ಜುತ್ತಿದೆಯೇ ನೋಡಿ: ಇಪ್ಪತ್ತು ಮೈಲಿ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಡಿಸ್ಕಿಗೆ ಹಿಡಿಯಿರಿ. ಒಂದೇ ಆಕ್ಸಲಿನ ಎರಡು ಬದಿಗೆ ದೊಡ್ಡ ವ್ಯತ್ಯಾಸವಿದ್ದರೆ ಬಿಸಿಯಿರುವ ಕಡೆಯ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ಬಿಚ್ಚಬೇಕು.

ಟ್ರೇಲರ್ ಎಳೆಯುವುದು ಬೇರೆಯೇ ಪ್ರಪಂಚ. ಅಲ್ಲಿ ತೂಕಕ್ಕಿಂತ ಮುಖದ ಅಳತೆ ನುಂಗುತ್ತದೆ. ತಗ್ಗಿನ ಫ್ಲಾಟ್‌ಬೆಡ್ಡಿನಲ್ಲಿ 5,500 ಪೌಂಡ್ ಹೇರಿದಾಗ 13.5 ಸಿಕ್ಕಿತು; ಅಷ್ಟೇ ತೂಕದ, ಎಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಟ್ರಾವೆಲ್ ಟ್ರೇಲರ್ ಹಿಂದಿದ್ದಾಗ 9. ಟರ್ಬೊ ಬಿಡುವಿಲ್ಲದೆ ದುಡಿಯುವಾಗ ಇಂಜಿನ್ ತಣ್ಣಗಿಡಲು ಹೆಚ್ಚಿಗೆ ಪೆಟ್ರೋಲನ್ನೇ ಸುರಿಯುತ್ತದೆ. ಭಾರ ಎಳೆಯಲೆಂದೇ ಇರುವ ಟೋ/ಹಾಲ್ ಮೋಡ್ ಹಾಕಿ, ವೇಗ 62ರ ಒಳಗಿಡಿ. ಬೇರೆ ಸೂಚನೆ ಇಲ್ಲದ ಎಷ್ಟೋ ಟ್ರೇಲರ್ ಟಯರುಗಳ ಮಿತಿಯೇ 65. ಕೊಂಡಿಯ ಮೇಲೆ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ.

ದಾರಿಯ ಲೆಕ್ಕವನ್ನು ಹೊರಡುವ ಮೊದಲೇ ಹಾಕಿಟ್ಟುಕೊಳ್ಳಬೇಕು. ಪಶ್ಚಿಮ ಟೆಕ್ಸಾಸಿನಲ್ಲಿ ಫೋರ್ಟ್ ಸ್ಟಾಕ್‌ಟನ್ನಿನಿಂದ ವ್ಯಾನ್ ಹಾರ್ನ್‌ಗೆ ಸುಮಾರು 120 ಮೈಲಿ, ಪಂಪುಗಳು ವಿರಳ, ದಾರಿ ಸಾವಿರ ಅಡಿ ಏರುತ್ತದೆ, ಗಾಳಿ ಎದುರಿನಿಂದ ಬೀಸಿದರೆ ಟ್ರಾವೆಲ್ ಟ್ರೇಲರಿನೊಂದಿಗೆ 9 ಇದ್ದದ್ದು ಏಳೂವರೆಗೆ ಇಳಿಯುತ್ತದೆ. ಆ 120 ಮೈಲಿಗೆ 16 ಗ್ಯಾಲನ್ ಬೇಕು. ಕಾಲು ಟ್ಯಾಂಕಿನ ಒಂಬತ್ತು ಗ್ಯಾಲನ್ನಿಗೆ 67 ಮೈಲಿ ಮಾತ್ರ. ಫೋರ್ಟ್ ಸ್ಟಾಕ್‌ಟನ್ನಿನಲ್ಲಿ ಮುಳ್ಳು ಅರ್ಧದಲ್ಲಿದ್ದರೂ ನಿಲ್ಲಿಸಿ ಫುಲ್ ಮಾಡಿಸಿ, ಟ್ರೇಲರ್ ಸಮೇತ ಸುತ್ತಿಕೊಂಡು ಹೊರಬರಲು ಜಾಗವಿರುವ ದೊಡ್ಡ ಟ್ರಕ್ ಸ್ಟಾಪಿನಲ್ಲಿ.