ಔಡಲೆಣ್ಣೆ ಬಿಟ್ಟ ಮೇಲೆ

"ಎಣ್ಣಿ ಕುಡಿಸಲಾರದ ತೊಗಲು ಉಳಿಯೂದಿಲ್ಲೋ ತಮ್ಮಾ" ಅಂತ ಹುಬ್ಬಳ್ಳಿ ದುರ್ಗದ ಬೈಲಿನ ಹಿರಿಯ ಕಸುಬುದಾರರು ಹೇಳಿದ್ದನ್ನ ನಂಬಿ, ದುರಸ್ತಿಗೆ ಬಂದ ನನ್ನ ಮೊದಲನೇ ಹೋಲ್‌ಸ್ಟರನ್ನ, ಅಂದರೆ ಪಿಸ್ತೂಲು ಇಡುವ ತೊಗಲಿನ ಚೀಲವನ್ನ, ಒಂದು ರಾತ್ರಿ ಔಡಲೆಣ್ಣೆಯಲ್ಲಿ ಅದ್ದಿಟ್ಟೆ. ಬೆಳಿಗ್ಗೆ ತೊಯ್ದ ರೊಟ್ಟಿಯ ಹಾಗೆ ಜೋತುಬಿದ್ದಿತ್ತು. ಆಷಾಢದ ಜಿಟಿಜಿಟಿ ಮಳೆಗೆ ಬೂಷ್ಟೂ ಹಿಡಿಯಿತು. ಗಿರಾಕಿಗೆ ಸುಮಾರು ಐದು ಸಾವಿರ ಕೊಟ್ಟು ಕೈಮುಗಿದೆ.

ಎರಡನೆಯದು ಧಾರವಾಡದ ಮಾಸ್ತರರೊಬ್ಬರದು, ಅವರಜ್ಜ ಯುದ್ಧದಿಂದ ತಂದದ್ದು. ಹಿತ್ತಾಳೆ ಗುಂಡಿಯ ಸುತ್ತ ಹಸಿರು ಮೇಣದಂಥದು ಗಟ್ಟಿಯಾಗಿತ್ತು. ಹಿತ್ತಾಳೆಯ ತಾಮ್ರ ತೊಗಲಿನ ಜಿಡ್ಡಿಗೆ ಕೂಡಿದರೆ ಅದು ಹುಟ್ಟುತ್ತದೆ. ಎಣ್ಣೆ ಹೆಚ್ಚಾದಷ್ಟೂ ಅದೂ ಹೆಚ್ಚು. ಅಲ್ಲಿಗೆ ನನ್ನ ತಪ್ಪು ತಿಳಿಯಿತು. ಬಿದಿರಿನ ಕಡ್ಡಿ ಚೂಪು ಮಾಡಿ ಒಂದೇ ಗುಂಡಿಗೆ ಎರಡು ತಾಸು ಕೂತೆ. ಮುಚ್ಚಳದ ಒಳಮೈ ಒರೆಸುವಾಗ ಬಾಣದ ಗುರುತು, ಕೆಳಗೆ 1942 ಅಂತ ಒತ್ತಿದ ಮುದ್ರೆ ಎದ್ದು ಬಂತು. ಬ್ರಿಟಿಷ್ ಸರ್ಕಾರಿ ಮಾಲಿಗೆ ಹಾಕುತ್ತಿದ್ದ ಬಾಣ ಅದು. ಅಜ್ಜನ ಕಾಲದ ಬೆರಳ ಸವೆತ ಅದರ ಪಕ್ಕದಲ್ಲೇ ಇತ್ತು, ಅದನ್ನ ಮುಟ್ಟಲಿಲ್ಲ.

ಬೂಷ್ಟನ್ನ ಅಂಗಳದಲ್ಲೇ ಒಣ ಬ್ರಷ್‌ನಿಂದ ತೆಗೆಯಿರಿ, ಒಳಗೆ ಉಜ್ಜಿದರೆ ಉಳಿದ ಸಾಮಾನಿಗೂ ಹತ್ತುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಅರ್ಧಕ್ಕರ್ಧ. ಅರಿವೆ ಹಸಿಯಾಗಬೇಕು, ತೊಗಲು ನೆನೆಯಬಾರದು. ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ, ಬಣ್ಣ ಬಿಡಬಹುದು. ಕೊನೆಗೆ ಜೇನುಮೇಣದ ಲೇಪ, ತೆಳ್ಳಗೆ. ಅದಕ್ಕೆ ಏನು ಎಷ್ಟು ಕೂಡಿಸುತ್ತೇನೆ ಅನ್ನೋದು ನನ್ನ ಕೈಯಲ್ಲೇ ಇರಲಿ, ನಾಲ್ಕು ವರ್ಷದ ದುಡಿಮೆ ಅದು.

ಕೆಂಪು ಪುಡಿ ಉದುರುವ ತೊಗಲಿಗೆ ಮಾತ್ರ ಇದು ಯಾವುದೂ ಸಾಲದು, ಹೋದದ್ದು ತಿರುಗಿ ಬರೋದಿಲ್ಲ. ಕ್ಲೂಸೆಲ್ ಜಿ ಅನ್ನೋ ಅಂಟಿನ ಪುಡಿಯನ್ನ ಆಲ್ಕೋಹಾಲ್‌ನಲ್ಲಿ ತೆಳ್ಳಗೆ ಕರಗಿಸಿ ಬಳಿದರೆ ಉದುರುವುದು ನಿಲ್ಲುತ್ತದೆ. ಒಂದು ಡಬ್ಬಿಗೆ ಎರಡು ಸಾವಿರದ ಮೇಲೆ ಬಿತ್ತು, ಆದರೂ ವರ್ಷ ಬಂತು.

ನಡುವೆ ಹಾವೇರಿ ಕಡೆಯ ಹೋರಿಯ ಗೆಜ್ಜೆಪಟ್ಟಿಗೂ ಅದೇ ಮೇಣ ಹಚ್ಚಿ ನೋಡಿದೆ. ಅಖಾಡದ ಧೂಳೆಲ್ಲ ಅಂಟಿ ಕಪ್ಪಾಯಿತು. ದುಡಿಯುವ ತೊಗಲಿಗೆ ಬೇರೆ ಲೆಕ್ಕ ಬೇಕು, ಅದಿನ್ನೂ ನಡೆದಿದೆ.

ಹೋಲ್‌ಸ್ಟರಿನೊಳಗೆ ಹತ್ತಿ ಅರಿವೆ ತುಂಬಿ ಆಕಾರ ನಿಲ್ಲಿಸಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಆಯುಧವನ್ನ ಅದರಲ್ಲೇ ಇಡಬೇಡಿ ಅಂತಲೂ ಹೇಳಿ ಕಳಿಸುತ್ತೇನೆ; ತೊಗಲಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಮಾಸ್ತರರದು ಮೂರು ಮಳೆಗಾಲ ಕಂಡಿತು, ಒಂದು ಚುಕ್ಕೆ ಬೂಷ್ಟಿಲ್ಲ. ದುರ್ಗದ ಬೈಲಿನ ಹಿರಿಯರು ಕೈಯಲ್ಲಿ ಹಿಡಿದು ಮೂಸಿ ನೋಡಿದರು. "ಎಣ್ಣಿ ವಾಸನೀನ ಇಲ್ಲಲ್ಲೋ" ಅಂದರು. ಹೋದ ವಾರ ಅವರೇ ಒಂದು ಹಳೇ ತೊಗಲಿನ ಪಟ್ಟಾ ಕಳಿಸಿದ್ದಾರೆ.