ಡಯಟಿಷಿಯನ್ ಕಡೆ ಹೋಗೂಕಿಂತ ಮೊದಲ ಒಂದು ಫೋನು

ಈ ಸಲ ದೀಪಾವಳಿಗೆ ವಿಜಯಪುರಕ್ಕೆ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿ ಬಂದು ಕೂತರು. ಇಬ್ಬರು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟವರು. ಒಬ್ಬಾಕೆ ಮದುವೆಯಾಗಿ ಹೊರಟವಳು. ನಾಲ್ಕನೆಯವನು ಬೆಳಗಾವಿಯ ಹುಡುಗ, ಅಮೆರಿಕದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ, ರಜೆಗೆ ಬಂದಿದ್ದ. ವೀಸಾ, ಬಾಡಿಗೆ ಮನೆ, ಲೈಸೆನ್ಸು ಎಲ್ಲ ಮುಗಿದ ಮೇಲೆ ಅವನು ಮೆಲ್ಲಗೆ ಬಾಯಿಬಿಟ್ಟ.

"ಅಕ್ಕಾರ, ನನಗ ಶುಗರ್ ಬಾರ್ಡರಿಗೆ ಬಂದೈತಿ ಅಂದಾರ. ಡಯಟಿಷಿಯನ್ ಕಡೆ ಹೋಗು ಅಂದ್ರು ಡಾಕ್ಟರು. ಇನ್ಶೂರೆನ್ಸ್‌ದಾಗ ಬರ್ತೈತೇನ್ರಿ ಅದು?"

ಡಯಟಿಷಿಯನ್ ಎಂದರೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವ ಆಹಾರ ತಜ್ಞರು. ಹುಡುಗನ ವಯಸ್ಸು 27. ಕಡ್ಡಿಯಂಥ ಹುಡುಗ. ಉಳಿದವರು ನಕ್ಕರು, ನನಗೆ ನಗು ಬರಲಿಲ್ಲ. ನಮ್ಮ ಮನೆಯವರ ಸಕ್ಕರೆ ಕಾಯಿಲೆಯೂ ಹೀಗೇ ಶುರುವಾದದ್ದು. ನಾನು ಡಾಕ್ಟರೂ ಅಲ್ಲ, ಇನ್ಶೂರೆನ್ಸಿನವಳೂ ಅಲ್ಲ. 19 ವರ್ಷ ಅಮೆರಿಕದಲ್ಲಿ ಬಿಲ್ಲು ಕಟ್ಟಿ ಕಟ್ಟಿ ಕಲಿತವಳು. ಅವತ್ತು ಹೇಳಿದ್ದನ್ನೇ, ಹೇಳಲು ಮರೆತದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಮೊದಲಿಗೆ, "ಇನ್ಶೂರೆನ್ಸ್‌ದಾಗ ಬರ್ತದೇನು" ಎಂದು ಕೇಳಲೇಬೇಡಿ. ನಾನು ಕೇಳಿ ಕೆಟ್ಟಿದ್ದೇನೆ. ಕಂಪನಿಗೆ ಫೋನ್ ಹಚ್ಚಿ ಇದಿಷ್ಟೇ ಕೇಳಿದೆ, ಆ ಕಡೆಯ ಹುಡುಗಿ "ಹೌದು, ಕವರ್ ಆಗುತ್ತದೆ" ಎಂದಳು. ನಮ್ಮ ಮನೆಯವರ ಶುಗರಿಗೆಂದು ಖುಷಿಯಾಗಿ ಡಯಟಿಷಿಯನ್ ಹತ್ತಿರ ಹೋಗಿಬಂದೆವು. ಒಂದೂವರೆ ತಿಂಗಳಿಗೆ 236 ಡಾಲರಿನ ಬಿಲ್ಲು ಬಂತು. ಮತ್ತೆ ಫೋನ್ ಮಾಡಿದರೆ ಅದೇ ಉತ್ತರ: ಕವರ್ ಆಗಿದೆಯಲ್ಲ, ಡಿಡಕ್ಟಿಬಲ್‌ಗೆ ಹೋಗಿದೆ! ಆಕೆ ಸುಳ್ಳೇನೂ ಹೇಳಿರಲಿಲ್ಲ. ಅವರ ಭಾಷೆಯಲ್ಲಿ ಕವರ್ ಎಂದರೆ "ಈ ಸೇವೆ ನಮ್ಮ ಪಟ್ಟಿಯಲ್ಲಿದೆ" ಎಂದಷ್ಟೇ. ರೊಕ್ಕ ಯಾರ ಕಿಸೆಯಿಂದ ಎಂಬುದು ಬೇರೆ ಮಾತು.

ಡಿಡಕ್ಟಿಬಲ್ ಎಂದರೆ ವರ್ಷದಲ್ಲಿ ಮೊದಲು ನೀವು ಕೈಯಿಂದ ಕಟ್ಟಬೇಕಾದ ಮೊತ್ತ. 1,500 ಡಾಲರ್ ಇದ್ದರೆ, ಅಷ್ಟು ಖರ್ಚಾಗುವವರೆಗೆ ಬಹಳಷ್ಟು ಬಿಲ್ಲು ನಿಮ್ಮದೇ. ಹೆಚ್ಚಿನ ಪ್ಲಾನುಗಳಲ್ಲಿ ಇದು ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಇಲ್ಲಿ ಸಿದ್ಧೇಶ್ವರ ಜಾತ್ರೆಗೆ ಊರು ಸಜ್ಜಾಗುವ ಹೊತ್ತಿಗೆ ಅಲ್ಲಿ ನಿಮ್ಮ ಲೆಕ್ಕ ಹೊಸದಾಗಿ ತೆರೆದಿರುತ್ತದೆ. ಕೋಪೇ ಎಂದರೆ ಪ್ರತಿ ಭೇಟಿಗೆ ಗೊತ್ತುಮಾಡಿದ ಹಣ. ಕೋಇನ್ಶೂರೆನ್ಸ್ ಎಂದರೆ ಡಿಡಕ್ಟಿಬಲ್ ಮುಗಿದ ಮೇಲೂ ನಿಮ್ಮ ಪಾಲಿಗೆ ಉಳಿಯುವ ಶೇಕಡಾ ಲೆಕ್ಕ. ಇನ್ನು ಇನ್ಶೂರೆನ್ಸ್ ಕಂಪನಿಯಿಂದ ಟಪಾಲಿನಲ್ಲಿ ಒಂದು ಕಾಗದ ಬರುತ್ತದೆ, ಅಂಕಿಗಳೇ ತುಂಬಿರುತ್ತವೆ, ಮೂಲೆಯಲ್ಲಿ "ಇದು ಬಿಲ್ ಅಲ್ಲ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಗಾಬರಿಯಾಗಿ ದುಡ್ಡು ಕಟ್ಟಬೇಡಿ. ಎಸೆಯಲೂಬೇಡಿ. ನಿಜವಾದ ಬಿಲ್ಲು ಬಂದಾಗ ಎರಡನ್ನೂ ಜೋಡಿಸಿ ನೋಡಿ.

ಹಾಗಾದರೆ ಏನು ಕೇಳಬೇಕು? ಡಯಟಿಷಿಯನ್ ಕೆಲಸಕ್ಕೆ ಬಿಲ್ಲಿನಲ್ಲಿ ಸಂಖ್ಯೆಗಳಿವೆ. ಮೊದಲ ಭೇಟಿಗೆ 97802, ಮುಂದಿನವಕ್ಕೆ 97803. ಎರಡೂ 15 ನಿಮಿಷದ ಲೆಕ್ಕ, ಒಂದು ತಾಸು ಕೂತರೆ ನಾಲ್ಕು ಸಲ ಬೀಳುತ್ತದೆ. ನಮ್ಮ ಬಿಲ್ಲು ಅಷ್ಟು ಉದ್ದ ಇದ್ದದ್ದು ಅದಕ್ಕೇ. ಈ ಸಂಖ್ಯೆಯ ಪಕ್ಕದಲ್ಲಿ ಯಾವ ಕಾರಣಕ್ಕೆ ಹೋದಿರಿ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ: ಟೈಪ್ 2 ಡಯಾಬಿಟಿಸ್‌ಗೆ ಇ11ರ ಗುಂಪು, ಬಾರ್ಡರಿನ ಶುಗರಿಗೆ ಆರ್73.03, ಬರೀ ಆಹಾರ ಸಲಹೆಗೆ ಝಡ್71.3. ಅದೇ ಡಯಟಿಷಿಯನ್, ಅದೇ ಒಂದು ತಾಸು. ಕಾರಣದ ಸಂಖ್ಯೆ ಬದಲಾದರೆ ನೀವು ಕಟ್ಟುವ ಹಣವೂ ಬದಲಾಗಬಹುದು.

ಇನ್ಶೂರೆನ್ಸ್ ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಹೀಗೆ ಕೇಳಿ: 97802 ಮತ್ತು 97803, ಈ ಕಾರಣಕ್ಕೆ, ಇಂಥ ಡಯಟಿಷಿಯನ್ ಹತ್ತಿರ ಹೋದರೆ, ನಾನು ಎಷ್ಟು ಕಟ್ಟಬೇಕು? ಡಿಡಕ್ಟಿಬಲ್ ಮೊದಲು ಮುಗಿಯಬೇಕೋ? ವರ್ಷಕ್ಕೆ ಎಷ್ಟು ಭೇಟಿ? ಡಾಕ್ಟರ ರೆಫರಲ್ (ಶಿಫಾರಸು ಚೀಟಿ) ಬೇಕೋ? ಮುಂಚಿತ ಒಪ್ಪಿಗೆ ಬೇಕೋ? ಕೊನೆಗೆ ಆ ಕರೆಯ ರೆಫರೆನ್ಸ್ ನಂಬರು, ಮಾತಾಡಿದವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಕೈಯಲ್ಲಿರುವ ಆಧಾರ ಅದೊಂದೇ. ಕ್ಲೇಮ್ ತಿರಸ್ಕರಿಸಿದರೆ ಸಾಮಾನ್ಯವಾಗಿ 180 ದಿನದೊಳಗೆ ಮೇಲ್ಮನವಿ ಹಾಕಬಹುದು. ನಮ್ಮ ಮಂದಿ ನಾಚಿಕೊಂಡು ಸುಮ್ಮನೆ ಕಟ್ಟಿಬಿಡುತ್ತಾರೆ. ಇಲ್ಲಿ ಬಾಳೆಹಣ್ಣಿಗೆ ಹತ್ತು ಮಾತು ಚೌಕಾಶಿ ಮಾಡುವವರು ಅಲ್ಲಿ ಯಾಕೆ ಬಾಯಿ ಕಟ್ಟಿಕೊಳ್ಳುತ್ತಾರೋ ನನಗಂತೂ ತಿಳಿದಿಲ್ಲ.

ಈಗ ಬೆಳಗಾವಿ ಹುಡುಗನ ಪ್ರಶ್ನೆ. ಅಮೆರಿಕದ 2010ರ ಆರೋಗ್ಯ ವಿಮೆಯ ಕಾನೂನಿನಂತೆ ಹೆಚ್ಚಿನ ಪ್ಲಾನುಗಳು ಕೆಲವು ಮುನ್ನೆಚ್ಚರಿಕೆಯ ಸೇವೆಗಳನ್ನು ನೆಟ್‌ವರ್ಕಿನೊಳಗೆ, ಅಂದರೆ ಕಂಪನಿಯ ಜೊತೆ ಒಪ್ಪಂದ ಇರುವವರ ಹತ್ತಿರ, ಪುಕ್ಕಟೆ ಕೊಡಬೇಕು. ಅದಕ್ಕೆ ಆಹಾರ ಸಲಹೆಯೂ ಸೇರುತ್ತದೆ, ಆದರೆ ಎಲ್ಲರಿಗೂ ಅಲ್ಲ. ಒಂದು ಬಾಗಿಲು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ಮತ್ತು ಮೇಲಿನವರಿಗೆ. ಇನ್ನೊಂದು, 35ರಿಂದ 70 ವಯಸ್ಸಿನ, ತೂಕ ಹೆಚ್ಚಿರುವವರ ಶುಗರ್ ತಪಾಸಣೆ ಮತ್ತು ಅದರ ಮುಂದಿನ ಸಲಹೆ. ಮೂರನೆಯದು ಬಿಪಿ ಅಥವಾ ಕೊಲೆಸ್ಟರಾಲ್‌ನಂಥ ಹೃದಯದ ಅಪಾಯ ಇರುವ ವಯಸ್ಕರಿಗೆ. ಭಾರತೀಯರಿಗೆ ತೊಡಕು ಇಲ್ಲೇ: 24ರ ಬಿಎಂಐ ಇರುವಾಗಲೇ ನಮಗೆ ಶುಗರ್ ಬರುವುದುಂಟು. ಅಮೆರಿಕದ ಡಯಾಬಿಟಿಸ್ ಸಂಘವೂ ಏಷ್ಯಾ ಮೂಲದವರನ್ನು 23ರಿಂದಲೇ ತಪಾಸಣೆಗೆ ಪರಿಗಣಿಸಿ ಎನ್ನುತ್ತದೆ. ಅಂದರೆ ಕಾಯಿಲೆ ಬೇಗ ಬರುತ್ತದೆ, ಪುಕ್ಕಟೆಯ ಬಾಗಿಲು ತಡವಾಗಿ ತೆರೆಯುತ್ತದೆ.

ಹುಡುಗನ ಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 5.9 ಇತ್ತು. 5.7ರಿಂದ 6.4 ಬಾರ್ಡರು, 6.5 ಅಥವಾ ಮೇಲಿದ್ದರೆ ಡಯಾಬಿಟಿಸ್. ಮೊಬೈಲಿನಲ್ಲಿದ್ದ ರಿಪೋರ್ಟು ತೆಗೆಸಿ ನೋಡಿದರೆ ಕೊಲೆಸ್ಟರಾಲೂ ಮೇಲಿತ್ತು, ಎದುರಿಗೆ ಡಾಕ್ಟರು ಷರಾ ಹಾಕಿದ್ದರು. ರೆಫರಲ್ಲಿನಲ್ಲಿ ಮಾತ್ರ ಶುಗರ್ ಒಂದೇ ಇತ್ತು! "ತಮ್ಮಾ, ತಿರುಗಿ ಹೋದ ಮೇಲೆ ಡಾಕ್ಟರಿಗೆ ಹೇಳಿ ಎರಡೂ ಬರಿಸ್ಕೊ" ಎಂದೆ. ಕೊಲೆಸ್ಟರಾಲ್ ಬರೆದರೆ ಆ ಮೂರನೆಯ ಬಾಗಿಲು ತೆರೆಯಬಹುದು. ಇದ್ದದ್ದೆಲ್ಲ ಕಾಗದದಲ್ಲಿರಲಿ. ಇಲ್ಲದ್ದನ್ನು ಬರೆಸಲು ಹೋಗಬೇಡಿ, ಅದು ಮೋಸ, ವೀಸಾದ ಮೇಲಿರುವವರಿಗೆ ಇನ್ನಷ್ಟು ಕಂಟಕ.

ಯಾರ ಹತ್ತಿರ ಹೋಗುತ್ತೀರಿ ಎಂಬುದೂ ಮುಖ್ಯ. ನ್ಯೂಟ್ರಿಷನಿಸ್ಟ್ ಎಂಬ ಹಲಗೆ ಹಲವು ರಾಜ್ಯಗಳಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು. ರಿಜಿಸ್ಟರ್ಡ್ ಡಯಟಿಷಿಯನ್ ಹಾಗಲ್ಲ, ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಿರಬೇಕು. 2024ರಿಂದ ಆ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯೇ ಬೇಕು. ಹೆಸರಿನ ಮುಂದೆ ಆರ್‌ಡಿ ಅಥವಾ ಆರ್‌ಡಿಎನ್ ಇದೆಯೇ ನೋಡಿ. ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದರೂ ಅವರ ಕ್ಲಿನಿಕ್ಕಿಗೊಂದು ಫೋನ್ ಮಾಡಿ, ನನ್ನ ಪ್ಲಾನಿಗೆ ನೀವು ಈಗಲೂ ನೆಟ್‌ವರ್ಕಿನಲ್ಲಿದ್ದೀರಾ ಎಂದು ಕೇಳಿ. ಆ ಪಟ್ಟಿಗಳು ಹಳಸಿರುತ್ತವೆ.

ವಿಡಿಯೊ ಭೇಟಿಯ ಆಸೆ ನನಗೂ ಇತ್ತು. ನಮ್ಮ ಮನೆಯವರ ಅಪಾಯಿಂಟ್‌ಮೆಂಟಿನ ಸರದಿ ಈ ರಜೆಯಲ್ಲೇ ಬಿದ್ದಿತ್ತು, ವಿಜಯಪುರದಿಂದಲೇ ಮುಗಿಸೋಣ ಎಂದುಕೊಂಡೆವು. ಡಯಟಿಷಿಯನ್ ಒಪ್ಪಲಿಲ್ಲ. ಪೇಷಂಟ್ ಕೂತಿರುವ ರಾಜ್ಯದ ಲೈಸೆನ್ಸಿನ ಲೆಕ್ಕ ಅವರದು, ಪರದೇಶದಲ್ಲಿ ಕೂತಿದ್ದರೆ ಆಗದು ಎಂದಳು. ಹಾಗಾಗಿ ರಜೆಯ ತಾರೀಖು ನೋಡಿ ಸರದಿ ತೆಗೆದುಕೊಳ್ಳಿ.

ಸಿಕ್ಕ ಒಂದು ತಾಸು ದಂಡ ಆಗಬಾರದೆಂದರೆ ನಮ್ಮ ಊಟ ಅವರಿಗೆ ಅರ್ಥವಾಗಬೇಕು. ಮೊದಲ ದಿನ ನಮ್ಮ ಡಯಟಿಷಿಯನ್ "ಎಷ್ಟು ಟೋರ್ಟಿಯಾ (ಮೆಕ್ಸಿಕೊದ ರೊಟ್ಟಿ) ತಿನ್ನುತ್ತೀರಿ" ಎಂದು ಕೇಳಿದಾಗ ನಮ್ಮವರು ನನ್ನ ಮುಖ ನೋಡಿದರು. ಎರಡನೆಯ ಸಲ ನಾನು ಡಬ್ಬಿಯಲ್ಲಿ ಜೋಳದ ರೊಟ್ಟಿಯನ್ನೇ ಒಯ್ದೆ, ಮನೆಯಲ್ಲಿ ಹಿಟ್ಟು ತೂಗಿ ಬಡಿದದ್ದು. 40 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಹತ್ತಿರ ಹತ್ತಿರ 28 ಗ್ರಾಂ ಕಾರ್ಬು, ಅಂದರೆ ಶುಗರ್ ಏರಿಸುವ ಪಿಷ್ಟದ ಅಂಶ. ಅವರ ಲೆಕ್ಕದಲ್ಲಿ 15 ಗ್ರಾಂ ಒಂದು ಪಾಲು, ಅಂದರೆ ಒಂದು ರೊಟ್ಟಿ ಎರಡು ಪಾಲಿಗೆ ತುಸು ಕಡಿಮೆ. ಜೋಳ ಅಂದಮೇಲೆ ಶುಗರಿಗೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಮ್ಮ ನಂಬಿಕೆ ಅವತ್ತು ಮುರಿಯಿತು. ಆದರೆ ಆಕೆ ರೊಟ್ಟಿ ಬಿಡಿಸಲಿಲ್ಲ. ಮೂರರ ಜಾಗಕ್ಕೆ ಎರಡು, ಮಡಕಿಕಾಳಿನ ಪಲ್ಯ ಜಾಸ್ತಿ, ಶೇಂಗಾ ಹಿಂಡಿ ಇರಲಿ, ಮೇಲೆ ಸುರಿಯುವ ಎಣ್ಣೆ ಅಳತೆಯಲ್ಲಿರಲಿ ಎಂದಳು. ಪೆಟ್ಟು ಬಿದ್ದದ್ದು ಸಂಜೆಯ ಚುರುಮುರಿಗೆ ಮತ್ತು ನಾಲ್ಕು ಸಲದ ಸಕ್ಕರೆ ಚಹಾಕ್ಕೆ. ಊರಿಂದ ಬಂದ ಅಮೀನಗಡದ ಕರದಂಟು, ಬೆಳಗಾವಿ ಕುಂದಾ ಇವನ್ನೂ ಮುಚ್ಚಿಡದೆ ಹೇಳಿ. ಮುಚ್ಚಿಟ್ಟರೆ ಎ1ಸಿ ಹೇಗೂ ಹೇಳುತ್ತದೆ.

ವಿದ್ಯಾರ್ಥಿಗಳಿಗೆ ಒಂದೇ ಮಾತು: ಮೊದಲು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅನೇಕ ವಿಶ್ವವಿದ್ಯಾಲಯಗಳಲ್ಲಿ ಡಯಟಿಷಿಯನ್ ಅಲ್ಲೇ ಇರುತ್ತಾರೆ. ಕೆಲಸಕ್ಕೆ ಸೇರಿದವರು ದೀಪಾವಳಿಯ ಆಸುಪಾಸು ಬರುವ ಪ್ಲಾನ್ ಆಯ್ಕೆಯ ಮಿಂಚಂಚೆಯನ್ನು ತೆರೆದು ಓದಿ. ಎಚ್‌ಎಸ್‌ಎ (ಆರೋಗ್ಯದ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ) ಖಾತೆ ಇದ್ದು ಡಾಕ್ಟರು ಕಾಯಿಲೆ ಗುರುತಿಸಿದ್ದರೆ ಡಯಟಿಷಿಯನ್ ಫೀಸನ್ನು ಅದರಿಂದ ಕೊಡಬಹುದು.

ಕೊನೆಗೆ ಅವ್ವ-ಅಪ್ಪ. ಆ ಮದುವೆಯಾಗಿ ಹೊರಟ ಹುಡುಗಿ ಕೇಳಿದ್ದು ಇದನ್ನೇ, ಬಾಣಂತನಕ್ಕೆ ಅವ್ವ ಬಂದರೆ ಆಕೆಯ ಶುಗರಿಗೇನು ಗತಿ ಎಂದು. ಗ್ರೀನ್ ಕಾರ್ಡಿನ ಮೇಲೆ ಐದು ವರ್ಷ ಸತತ ಇದ್ದು 65 ದಾಟಿದವರು ಅಲ್ಲಿಯ ಸರ್ಕಾರದ ವಿಮೆಯಾದ ಮೆಡಿಕೇರ್‌ಗೆ ಸೇರಬಹುದು. ಅದರಲ್ಲಿ ಡಯಾಬಿಟಿಸ್ ಅಥವಾ ಕಿಡ್ನಿ ಕಾಯಿಲೆಗೆ, ಡಾಕ್ಟರ ರೆಫರಲ್ ಇದ್ದರೆ, ಮೊದಲ ವರ್ಷ 3 ತಾಸು, ಮುಂದೆ ವರ್ಷಕ್ಕೆ 2 ತಾಸು ಡಯಟಿಷಿಯನ್ ಪುಕ್ಕಟೆ. ಬಾರ್ಡರಿನ ಶುಗರಿಗೆ ಇದು ಸಿಗದು. ಆರು ತಿಂಗಳಿಗೆ ಬಂದುಹೋಗುವವರ ವಿಸಿಟರ್ ಇನ್ಶೂರೆನ್ಸು ಮೊದಲೇ ಇರುವ ಶುಗರಿನ ದಿನನಿತ್ಯದ ಆರೈಕೆಗೆ ಸಾಮಾನ್ಯವಾಗಿ ಬರುವುದಿಲ್ಲ. ಹೊರಡುವ ಮೊದಲೇ ಊರಲ್ಲಿ ಎ1ಸಿ ಮಾಡಿಸಿ, ಇಲ್ಲಿಯ ಡಯಟಿಷಿಯನ್ ಹತ್ತಿರ ಕೂರಿಸಿ, ಊಟದ ಪಟ್ಟಿ ಬರೆಸಿ. ಗುಳಿಗೆಯ ಕಂಪನಿ ಹೆಸರಲ್ಲ, ಒಳಗಿನ ಔಷಧದ ಹೆಸರು ಇಂಗ್ಲಿಷಿನಲ್ಲಿ ಬರೆಸಿ ಚೀಲದಲ್ಲಿಡಿ. ಅಲ್ಲೇ ತೋರಿಸಬೇಕಾಗಿ ಬಂದರೆ ಕೈಯಿಂದ ಕೊಡುವವರಿಗೆ ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ಕಾನೂನು 2022ರಿಂದ ಇದೆ. ಸರದಿ ತೆಗೆದುಕೊಳ್ಳುವಾಗಲೇ ಅದನ್ನು ಕೇಳಿ ಇಸಿದುಕೊಳ್ಳಿ.