ಬಲ್ಬು ಬದಲಾಯಿತು, ಪತಂಗ ಕಮ್ಮಿಯಾದವು

ಪತಂಗ ಎಣಿಸುವುದು ನೋಡಲು ಸುಲಭದ ಕೆಲಸ. ಕತ್ತಲಾಗುವ ಹೊತ್ತಿಗೆ ಎರಡು ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ದೀಪ ಹಚ್ಚಿ ಕೂತರೆ ಆಯಿತು. ಬಂದು ಕೂತವುಗಳ ಫೋಟೋ ತೆಗೆಯುವುದು, ಹೆಸರು ಬರೆಯುವುದು, ಎಣಿಸುವುದು. ಹೆಸರು ಗೊತ್ತಾಗದಿದ್ದರೆ "ಕಂದು, ಸಣ್ಣದು – 7" ಅಂತ ಏನೋ ಒಂದು ಗುರುತು ಹಾಕಿಕೊಳ್ಳುವುದು. ಒಂದು ಕಾಡಂಚಿನಲ್ಲಿ ತಿಂಗಳಿಗೆ ಎರಡು ರಾತ್ರಿಯಂತೆ ವರ್ಷಗಟ್ಟಲೆ ಹೀಗೆ ಕೂತೆ. ನಾಲ್ಕನೇ ವರ್ಷ ಲೆಕ್ಕ ಧಡಕ್ಕನೆ ಅರ್ಧಕ್ಕಿಂತ ಕೆಳಗಿಳಿಯಿತು.

ಆಗ ನನ್ನ ತಲೆಯಲ್ಲಿ ಇದ್ದದ್ದು 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ. 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ ನೋಡಿದ್ದರು. 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಶೇ. 75ಕ್ಕಿಂತ ಜಾಸ್ತಿ ಇಳಿದಿತ್ತು. ನನ್ನ ಗ್ರಾಫೂ ಹಾಗೇ ಜಾರುತ್ತಿತ್ತಲ್ಲ! ವರದಿ ಬರೆಯಲು ಕೂತೇಬಿಟ್ಟೆ. ತಲೆಬರಹವನ್ನಂತೂ ಮೊದಲೇ ಬರೆದಿಟ್ಟಿದ್ದೆ, ಅದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಕರಡು ಓದಿದ ಗೆಳತಿ ಒಂದೇ ಮಾತು ಕೇಳಿದಳು. "ಬಲ್ಬು ಯಾವಾಗ ಬದಲಾಯಿಸಿದ್ದು?"

ಮೂರನೇ ವರ್ಷದ ಕೊನೆಯಲ್ಲಿ. ಕಾದ ಮರ್ಕ್ಯುರಿ ಬಲ್ಬಿನ ಮೇಲೆ ಮಳೆಹನಿ ಬಿದ್ದು ಅದು ಪಟ್ಟನೆ ಒಡೆದಿತ್ತು. ಹೇಗೂ ಜನರೇಟರ್ ಹೊತ್ತು ಸಾಕಾಗಿತ್ತು. ಬ್ಯಾಟರಿಯಲ್ಲಿ ಉರಿಯುವ ಎಲ್‌ಇಡಿ ತಂದೆ. ಕಣ್ಣಿಗೆ ಅಷ್ಟೇ ಬೆಳಕು, ಬೆನ್ನಿಗೆ ಭಾರವಿಲ್ಲ, ಖುಷಿಯಾಯಿತು. ಆದರೆ ಮರ್ಕ್ಯುರಿ ಬಲ್ಬು ಅತಿನೇರಳೆ ಕಿರಣವನ್ನೂ ಚೆಲ್ಲುತ್ತದೆ. ಅದು ನಮಗೆ ಕಾಣದು, ಪತಂಗಕ್ಕೆ ಚೆನ್ನಾಗಿ ಕಾಣುತ್ತದೆ. ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ. ಅಂದರೆ ನಾನು ಬಲೆಯನ್ನೇ ಬದಲಾಯಿಸಿ, ಮೀನು ಕಮ್ಮಿಯಾಯಿತು ಎಂದು ಅಳುತ್ತಿದ್ದೆ.

ಬಲೆ ಅಂದದ್ದು ಸುಮ್ನೆ ಅಲ್ಲ. ಹಾರುವ ಕೀಟಗಳು ರಾತ್ರಿ ಬೆಳಕಿನ ಕಡೆ ಬೆನ್ನು ತಿರುಗಿಸಿಕೊಳ್ಳುತ್ತವೆ ಎಂದು 2024ರ ಒಂದು ಅಧ್ಯಯನ ತೋರಿಸಿತು. ಆಕಾಶ ಮೇಲಿದೆ ಎಂದು ತಿಳಿಯಲು ಅವಕ್ಕೆ ಅದೇ ದಾರಿ. ದೀಪದ ಹತ್ತಿರ ಬಂದಾಗ ಈ ಅಭ್ಯಾಸವೇ ಅವನ್ನು ಸುತ್ತಿಸಿ ಸಿಕ್ಕಿಸುತ್ತದೆ. ಹಾಗಾಗಿ ಬಟ್ಟೆಯ ಮೇಲೆ ಕೂತಿರುವುದು ಕಾಡಿನಲ್ಲಿರುವ ಪತಂಗಗಳಲ್ಲ, ಆ ದೀಪಕ್ಕೆ ಸಿಕ್ಕಿಬಿದ್ದ ಪತಂಗಗಳು.

ಮತ್ತೆ ಮರ್ಕ್ಯುರಿ ಬಲ್ಬು ತಂದೆ. ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ಎರಡು ಬಟ್ಟೆ ಕಟ್ಟಿ, ಒಂದಕ್ಕೆ ಮರ್ಕ್ಯುರಿ, ಇನ್ನೊಂದಕ್ಕೆ ಎಲ್‌ಇಡಿ. ಮಾರನೇ ರಾತ್ರಿ ಅದಲು ಬದಲು. ಹೀಗೆ ಮಾಡದಿದ್ದರೆ ದೀಪದ ವ್ಯತ್ಯಾಸ ಯಾವುದು, ಜಾಗದ ವ್ಯತ್ಯಾಸ ಯಾವುದು ಗೊತ್ತಾಗುವುದಿಲ್ಲ. ಹನ್ನೆರಡು ರಾತ್ರಿ ಕೂತೆವು, ಎಲ್ಲವೂ ಅಮಾವಾಸ್ಯೆಯ ಆಸುಪಾಸು. ಬೆಳದಿಂಗಳಿದ್ದರೆ ದೀಪಕ್ಕೆ ಬರುವುದು ಕಮ್ಮಿ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಬಿಡುವಿದ್ದ ರಾತ್ರಿಗಳಲ್ಲಿ ಹೋಗುತ್ತಿದ್ದೆ. ಹಳೇ ಹಾಳೆಗಳಿಗೆಲ್ಲ ಕ್ಯಾಲೆಂಡರ್ ನೋಡಿ ಚಂದ್ರನ ಕಾಲಂ ತುಂಬಿಸಿದ್ದು ಆಮೇಲೆ.

ಇಳಿಕೆಯ ದೊಡ್ಡ ಪಾಲು ಬಲ್ಬಿನದೇ ಎಂದು ಗೊತ್ತಾಯಿತು. ಆದರೆ ಪೂರ್ತಿ ಅಲ್ಲ. ಒಂದು ಗುಂಪು ಮಾತ್ರ ಮರ್ಕ್ಯುರಿ ಬೆಳಕಿನಲ್ಲೂ ಮೇಲೇಳಲಿಲ್ಲ. ಅವುಗಳ ಹುಳುಗಳು ಮರದ ತೊಗಟೆಯ ಮೇಲಿನ ಕಲ್ಲುಹೂವು ತಿಂದು ಬೆಳೆಯುತ್ತವೆ. ಹಳೇ ಹಾಳೆ ತೆಗೆದರೆ ಮೊದಲ ಮೂರು ವರ್ಷದಲ್ಲೇ, ಅದೇ ಬಲ್ಬಿನ ಕೆಳಗೇ, ಅವು ಇಳಿಯುತ್ತಾ ಬಂದಿದ್ದವು. ಎರಡನೇ ವರ್ಷ ಆ ಅಂಚಿನ ಮುದಿ ಮರಗಳನ್ನು ಕಡಿದಿದ್ದರು. ಅದೇ ಕಾರಣ ಎಂದು ಒಂದು ಜಾಗದ ಲೆಕ್ಕದಿಂದ ಹೇಳಲಾಗದು. ಮುದಿ ಮರ ಉಳಿದಿರುವ ಇನ್ನೊಂದು ಅಂಚಿನಲ್ಲಿ ಈಗ ಜೊತೆಜೊತೆಗೆ ಎಣಿಸುತ್ತಿದ್ದೇವೆ. ನಿಜವಾದ ಸುದ್ದಿ ಇದೇ ಆಗಿತ್ತು, ನನ್ನ ದೊಡ್ಡ ಗ್ರಾಫು ಅದನ್ನು ಮುಚ್ಚಿಹಾಕಿತ್ತು.

ಸೊನ್ನೆಯ ವಿಷಯವೂ ಹೇಳಬೇಕು. ಹಾಳೆಯಲ್ಲಿ 0 ಬರೆದಾಗ ಪತಂಗ ಇಲ್ಲ ಎಂದೋ, ನನಗೆ ಕಾಣಲಿಲ್ಲ ಎಂದೋ? ಸರಾಸರಿ ಹತ್ತು ರಾತ್ರಿಗೆ ಮೂರು ಸಲ ಕಾಣುವ ಒಂದು ಪತಂಗವನ್ನು ತೆಗೆದುಕೊಳ್ಳಿ. ಮೂರು ರಾತ್ರಿ ಕೂತರೂ ಅದು ಒಮ್ಮೆಯೂ ಕಾಣದಿರುವ ಸಾಧ್ಯತೆ ಸುಮಾರು ಶೇ. 34. ಹತ್ತು ರಾತ್ರಿ ಕೂತರೆ ಶೇ. 3ಕ್ಕೆ ಇಳಿಯುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಂಡ ರಾತ್ರಿ ಕಾಣದ ರಾತ್ರಿ ಎರಡನ್ನೂ ಬರೆದಿಟ್ಟರೆ ಈ ಸಾಧ್ಯತೆಯನ್ನೇ ಲೆಕ್ಕ ಹಾಕಬಹುದು. 2002ರಲ್ಲಿ ಡ್ಯಾರಿಲ್ ಮೆಕೆಂಜಿ ಮತ್ತು ಜೊತೆಗಾರರು ಇದಕ್ಕೊಂದು ವಿಧಾನ ಕೊಟ್ಟರು, ಈಗ ಹುಲಿಯಿಂದ ಕಪ್ಪೆಯವರೆಗೆ ಬಳಸುತ್ತಾರೆ. ಗಣಿತ ನೋಡಿ ಹೆದರಿದ್ದೆ, ನಿಜವಾಗಿ ಕಷ್ಟವಾದದ್ದು ಏನೂ ಬಾರದ ರಾತ್ರಿಯನ್ನೂ ನಿಯತ್ತಾಗಿ ಬರೆಯುವುದು. ಮೊದಲ ವರ್ಷ ಅಂಥ ಹಾಳೆಗಳನ್ನು ಹರಿದೇ ಹಾಕಿದ್ದೆ.

ಈಗ ನನ್ನ ಹಾಳೆಯ ಮೊದಲ ಕಾಲಂಗಳಲ್ಲಿ ಪತಂಗದ ಹೆಸರೇ ಇಲ್ಲ. ದೀಪ ಯಾವುದು, ಎಷ್ಟು ಹೊತ್ತಿಗೆ ಹಚ್ಚಿದ್ದು, ಆರಿಸಿದ್ದು, ಚಂದ್ರ, ಗಾಳಿ, ಮಳೆ, ಉಷ್ಣಾಂಶ, ಎಣಿಸಿದವರು ಯಾರು. ಕೊನೆಯದು ಜಾಸ್ತಿ ಮುಖ್ಯ. ಕಣ್ಣು ಪಳಗಿದಂತೆಲ್ಲ ಪ್ರಭೇದಗಳೂ ಹೆಚ್ಚುತ್ತವೆ. ಮೊದಲ ವರ್ಷಕ್ಕಿಂತ ಮೂರನೇ ವರ್ಷ ನನ್ನ ಪಟ್ಟಿ ಉದ್ದವಾಗಿದ್ದಕ್ಕೆ ಕಾಡು ಕಾರಣವಲ್ಲ, ಅಲ್ವಾ?

ಅಂದ ಹಾಗೆ, ಆ "ಕಂದು, ಸಣ್ಣದು – 7". ಹೋದ ಸಲ ಕೆಲವನ್ನು ಹಿಡಿದು ತಜ್ಞರಿಗೆ ಕೊಟ್ಟೆವು. ಅವರು ಸೂಕ್ಷ್ಮದರ್ಶಕದಡಿ ಗಂಡು ಪತಂಗಗಳ ಜನನಾಂಗ ಬಿಡಿಸಿ ನೋಡಿದರು. ರೆಕ್ಕೆ ಒಂದೇ ಥರ, ಪ್ರಭೇದ ಎರಡು. ಹಿಂದಿನ ವರ್ಷಗಳದ್ದು ಬರೀ ಫೋಟೋ ಇದೆ, ಅದರಿಂದ ಯಾವುದು ಯಾವುದೆಂದು ಬೇರ್ಪಡಿಸಲು ಬರುವುದಿಲ್ಲ. ಹಳೇ ಹಾಳೆಗಳಲ್ಲಿ ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ "ಒಂದಲ್ಲ" ಎಂದು ಬರೆದಿದ್ದೇನೆ.